ಅರಿಶಿನ ಹಚ್ಚಿದ ಬಟ್ಟೆ, ಮೇಯುವ ಹುಳ

ಜಂಗಮಕೋಟೆಯ ನನ್ನ ತವರಿನಲ್ಲಿ ಇಂದಿಗೂ ರೇಷ್ಮೆಹುಳ ಸಾಕುತ್ತಾರೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳಕ್ಕೆ ಸೊಪ್ಪು ಹಾಕಿದರೆ, ಕಡ್ಲೆಪುರಿಯ ಮೇಲೆ ಬಿಸಿ ಒಗ್ಗರಣೆ ಸುರಿದ ಹಾಗೆ ಚರಚರ ಸದ್ದು. ಚಿತ್ರಕಲೆ ಓದುವ ನನ್ನ ಮಗಳು ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಶಿಡ್ಲಘಟ್ಟದ ನಮ್ಮ ಮನೆಗೆ ತಂದಳು.

"ಅಮ್ಮ, ಇದನ್ನ ಬಟ್ಟೆಯೊಳಗೆ ಇಡ್ತೀನಿ. ಬಟ್ಟೆ ಮುಟ್ಟಿದ್ರೆ ಹುಳ ಮೇಯ್ಬೇಕು, ಕೈ ತೆಗೆದ್ರೆ ಸುಮ್ಮನಾಗ್ಬೇಕು."

"ಇವತ್ತು ಬಟ್ಟೆ ಮಾತಾಡುತ್ತೆ, ನಾಳೆ ನನ್ನ ಸೀರೆ ನನ್ ಮೇಲೇ ಚಾಡಿ ಹೇಳುತ್ತೆ ಬಿಡೇ!"

ಹಾಗಂದರೂ ಹೊಲಿದವಳು ನಾನೇ. ಎದುರು ಮನೆಯಲ್ಲಿ ಗೂಡು ಬಿಚ್ಚಿ ನೂಲು ತೆಗೆಯುವ ಅಕ್ಕ ಬಿಳಿ ರೇಷ್ಮೆ ನೂಲು ಕೊಟ್ಟರು. ಅದರಲ್ಲಿ ಬಟ್ಟೆಯ ಮೇಲೆ ಹಿಪ್ಪುನೇರಳೆ ಎಲೆಯ ಕಸೂತಿ ಹಾಕಿ, ಮಗಳು ತಂದ ಕರೆಂಟು ಹರಿಯುವ ದಾರದಲ್ಲಿ ಎಲೆಯ ನರಗಳನ್ನು ಮೂಲೆಮೂಲೆಗೂ ಹೊಲಿದೆ. ಆ ಸದ್ದು ತುಂಬಿದ, ಅಂಗಿ ಗುಂಡಿಯಷ್ಟು ಯಂತ್ರವನ್ನು ಬಟ್ಟೆಯ ಹಿಂಬದಿಗೆ ಅವಳೇ ಕೂರಿಸಿದಳು.

ಅವಳ ಕೊನೆಯ ಪರೀಕ್ಷೆ ಈ ಬಟ್ಟೆಯೇ. ನಮ್ಮ ಬೀದಿಯಲ್ಲಿ ನೂಲು ತೆಗೆಯುತ್ತಿದ್ದ ಹಳೇ ಶೆಡ್ಡಿನಲ್ಲಿ ಪ್ರದರ್ಶನ. ಹನ್ನೊಂದಕ್ಕೆ ಬೆಂಗಳೂರಿನಿಂದ ಪರೀಕ್ಷಕರು ಬರುವವರಿದ್ದರು. ಹೊರಡುವ ಮುಂಚೆ ಬಟ್ಟೆಯನ್ನು ದೇವರ ಮುಂದಿಟ್ಟು ಕೈಮುಗಿದೆ. ಶೆಡ್ಡಿನಲ್ಲಿ ತೂಗುಹಾಕಿದ್ದೇ ತಡ, ಯಾರೂ ಮುಟ್ಟದೆಯೇ ಚರಚರ ಶುರುವಾಯಿತು. ನಿಲ್ಲಲೇ ಇಲ್ಲ.

"ಅಮ್ಮ, ಏನ್ ಮಾಡ್ದೆ?"

"ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ ಕಣೇ. ಹೊಸ ಬಟ್ಟೆ ಅಲ್ವಾ?"

"ಒದ್ದೆ ಅರಿಶಿನಾನಾ?"

"ಒಣಗಿದ್ದು ಹತ್ತುತ್ತಾ?"

ಮಗಳು ಹಣೆ ಹಿಡಿದುಕೊಂಡಳು. ದಾರಕ್ಕೆ ತೇವ ತಾಗಿದರೆ, ಯಾರೋ ಮುಟ್ಟುತ್ತಲೇ ಇದ್ದಾರೆಂದು ಯಂತ್ರ ತಿಳಿಯುತ್ತದಂತೆ. ಬಟ್ಟೆ ನೋಡಲು ಬಂದಿದ್ದ ಎದುರು ಮನೆಯ ಅಕ್ಕ ಮಾತ್ರ ನಕ್ಕರು. "ನಿಮ್ ಹುಳಕ್ಕೆ ಹೊಟ್ಟೇನೇ ತುಂಬ್ತಿಲ್ಲ ನೋಡಿ! ತಡೀರಿ, ನಾವು ನೂಲು ಒಣಗಿಸೋ ಫ್ಯಾನ್ ತರ್ತೀನಿ."

ನಾನು ಸೆರಗಿನಿಂದ ಒತ್ತಿ ಒತ್ತಿ ತೇವ ತೆಗೆದೆ, ಅಕ್ಕ ಫ್ಯಾನ್ ಹಿಡಿದರು. ನನ್ನ ಭಕ್ತಿಗೆ ಮಗಳ ಮಾರ್ಕ್ಸು ಹೋಗದಿರಲಪ್ಪ ಎಂದು ಬೇಡಿಕೊಂಡೆ. ಕೊನೆಯ ಮೂಲೆ ಒಣಗಿ ಸದ್ದು ನಿಂತಾಗ ಪರೀಕ್ಷಕರು ಬಾಗಿಲಲ್ಲೇ ಇದ್ದರು.

ಅವರಲ್ಲಿ ಹಿರಿಯರಾದ ಮೇಡಂ ಎಲೆಯ ಮೇಲೆ ಅಂಗೈ ಇಟ್ಟರು. ಹುಳ ಮೇಯ್ದವು. ಅವರು ಕೈ ತೆಗೆದರು. ಶೆಡ್ಡೆಲ್ಲ ಸದ್ದಡಗಿತು.

"ಮೂಲೆಯಲ್ಲಿ ಇದೇನಮ್ಮ, ಹಳದಿ?"

ಮಗಳು ನನ್ನ ಕಡೆ ನೋಡಿ ನಕ್ಕಳು. "ನಮ್ಮಮ್ಮನ ಕೆಲಸ ಮೇಡಂ. ಹೊಸ ಬಟ್ಟೆ ಅಲ್ವಾ?"

ಮೇಡಂ ಇನ್ನೊಮ್ಮೆ ಕೈ ಇಟ್ಟರು. ಈ ಸಲ ಬೇಗ ತೆಗೆಯಲಿಲ್ಲ.