ಖಾಲಿ ಸೀಟಿನ ಮೆತ್ತೆ

ಬ್ಯಾಡಗಿಯ ಗ್ಯಾರೇಜಿನಲ್ಲಿ ನನ್ನ ಬೈಕ್ ರಿಪೇರಿಯಾಗುವ ತನಕ ಲ್ಯಾಪ್‌ಟಾಪಿನಲ್ಲಿ ಕಾರು ಕಟ್ಟುವ ಆಟ ಆಡುತ್ತ ಕೂತಿದ್ದೆ. ಕಟ್ಟುತ್ತಿದ್ದದ್ದು ನೂರು ವರ್ಷ ಹಿಂದಿನ ರೇಸ್ ಕಾರು. ಆಗಿನ ನಿಯಮ ಒಂದೂ ತಪ್ಪಬಾರದೆಂಬ ಹಟ ನನ್ನದು.

ಪಕ್ಕದಲ್ಲಿ ಕಾಯುತ್ತಿದ್ದ ಮೆಣಸಿನಕಾಯಿ ಲಾರಿಯ ಡ್ರೈವರ್ ಬಗ್ಗಿ ನೋಡಿದರು. "ಬಾಜೂ ಸೀಟಿನ್ಯಾಗ ಯಾರು ಕುಂದರತಾರ್ರಿ?"

"ಮೊದ್ಲ ಗಾಡಿ ನೋಡಿಕೊಳ್ಳಾಕ ಮೆಕ್ಯಾನಿಕ್ ಕುಂದರತಿದ್ದನ್ರಿ. ಆಮ್ಯಾಲೆ ಅವನ್ನ ಕುಂದರಸಬಾರ್ದಂತ ರೂಲ್ಸ್ ಬಂತು. ಸೀಟು ಮಾತ್ರ ತಗೀಬಾರದಿತ್ರಿ."

ಅವರು ತಮ್ಮ ಲಾರಿಯ ಕಡೆ ತಿರುಗಿದರು. "ನಮ್ಮ ಕ್ಲೀನರ್ ತೀರಿಕೊಂಡು ತಿಂಗಳಾತ್ರಿ. ಇಪ್ಪತ್ತು ವರ್ಷದ ಜೋಡಿ. ಇನ್ನೂ ಗಾಡಿ ತಿರುಗಿಸುವಾಗ 'ಎಡಕ್ಕ ನೋಡಲೇ' ಅಂತೀನ್ರಿ."

ಆಟದ ಕಾರಿನ ತೂಕ ಇಳಿಸಲು ನಾನು ಆ ಖಾಲಿ ಸೀಟಿನ ಮೆತ್ತೆ ತೆಗೆದುಹಾಕಿದ್ದೆ. ಅವರು ಹೋದ ಮೇಲೆ ತಿರುಗಿ ಹಾಕಿದೆ. ಕಾರು ನಿಧಾನವಾಯಿತೆಂದು ಆಟ ಕೆಂಪಕ್ಷರದಲ್ಲಿ ಎಚ್ಚರಿಸಿತು. ಅದಕ್ಕೇನು ಗೊತ್ತು? ಅದು ಒಂದು ದಿನವೂ ಲಾರಿ ಹೊಡೆದಿಲ್ಲ.