ಬಾಗಿಲ ಹಿಂದಿನ ಕಸ

ನಾರಾಯಣಪೇಟೆಯ ತಹಶೀಲ್ ಕಚೇರಿಯನ್ನು ಗುಡಿಸುವ ಗುತ್ತಿಗೆ ಹಿಡಿದ ಹೆಂಗಸೊಬ್ಬಳಿದ್ದಳು; ನಾನು ಅಲ್ಲಿ ಕಾಗದಗಳ ನಕಲು ಬರೆಯುವವನು. ಆಕೆಯ ಸೀರೆಯ ಬಣ್ಣ ಕೇಳಿದರೆ ಒಂದು ದಿನ ಕೆಂಪೆನ್ನುತ್ತೇನೆ, ಇನ್ನೊಂದು ದಿನ ಹಸಿರೆನ್ನುತ್ತೇನೆ; ಎರಡನ್ನೂ ನಂಬಬೇಡಿ. ಆಳು ಆರಿಸುವ ರೀತಿಯೊಂದು ಮಾತ್ರ ನಿಜ. ಕೆಲಸ ಕೇಳಿ ಬಂದವರ ಕೈಗೆ ಕಸಬರಿಗೆ ಕೊಟ್ಟು ಒಂದು ಕೋಣೆ ಗುಡಿಸಲು ಹೇಳುತ್ತಿದ್ದಳು. ಆಮೇಲೆ ನೆಲವನ್ನು ನೋಡುತ್ತಲೇ ಇರಲಿಲ್ಲ. ನೇರ ಹೋಗಿ ಬಾಗಿಲು ಎಳೆದು, "ಇದರ ಹಿಂದ ನಿಮ್ಮಪ್ಪ ಬಂದು ಗುಡಸ್ತಾನೇನು?" ಎನ್ನುವಳು.

ಪೊಲೀಸ್ ಆಕ್ಷನ್ ಮುಗಿದು, ನಿಜಾಮರ ಆಳ್ವಿಕೆ ಹೋಗಿ, ಹೊಸ ತಹಶೀಲ್ದಾರರು ಬರುವವರಿದ್ದರು. ಹಳೆಯ ಗುತ್ತಿಗೆ ಉಳಿಸುವುದೂ ಕಿತ್ತುಹಾಕುವುದೂ ಅವರ ಕೈಯಲ್ಲಿತ್ತು. ಕಚೇರಿ ಥಳಥಳಿಸಬೇಕೆಂದು ಆಕೆ ಇನ್ನೊಬ್ಬ ಆಳಿಗಾಗಿ ಹುಡುಕುತ್ತಿದ್ದಳು. ಆ ಬೆಳಿಗ್ಗೆ ಅರ್ಧ ತೋಳಿನ ಅಂಗಿಯವನೊಬ್ಬ ಒಬ್ಬನೇ ಒಳಗೆ ಬಂದ. ಶೇರ್ವಾನಿ ತೊಡದ ಅಧಿಕಾರಿಯನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ.

"ಬಾ ತಮ್ಮಾ, ಹಿಡಿ" ಎಂದು ಕಸಬರಿಗೆ ಕೊಟ್ಟಳು. ಆತ ನಗುತ್ತ ಗುಡಿಸಿದ. ಆಕೆ ಬಾಗಿಲು ಎಳೆದಳು.

"ಇದರ ಹಿಂದ ನಿಮ್ಮಪ್ಪ ಬಂದು ಗುಡಸ್ತಾನೇನು? ನೀ ಬ್ಯಾಡ, ಹೋಗು."

ಕಚೇರಿಯ ಹಿರಿಯ ಗುಮಾಸ್ತರಾದ ಪೇಶ್ಕಾರರು ಓಡಿಬಂದರು. "ಯವ್ವಾ, ತಹಶೀಲ್ದಾರ್ ಸಾಹೇಬ್ರು ಅವರು!"

ನಕಲು ಬರೆಯುವುದು ಬಿಟ್ಟು ನಾನು ಎದ್ದು ನಿಂತೆ. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಸಾಹೇಬ್ರು ಇರವಲ್ರ್ಯಾಕ. ಕಸ ಅಂತೂ ಅಲ್ಲೇ ಐತ್ರಿ."

ಸಾಹೇಬರು ಕಸಬರಿಗೆ ಎತ್ತಿಕೊಂಡು ಬಾಗಿಲ ಹಿಂದೆ ಹೋದರು. ಅಲ್ಲಿಂದಲೇ ಕೂಗಿದರು: "ಈಗ ನನ್ನ ಇಟ್ಕೊಂತೀರೇನಮ್ಮಾ?"

"ಮೊದಲ ನನ್ನ ನೀವು ಇಟ್ಕೋರಿ. ಆಮ್ಯಾಲ ನೋಡೂಣು."

ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರೋ ಪೇಶ್ಕಾರರೋ, ನೆನಪು ದಿನಕ್ಕೊಂದು ಹೇಳುತ್ತದೆ. ಆ ಬಾಗಿಲನ್ನು ಮಾತ್ರ ಆಕೆ ಮುಂದೆಯೂ ಎಷ್ಟೋ ವರ್ಷ ಎಳೆದು ನೋಡಿದಳು.