ಹಡಗಿನವಳ ಬಾಯಲ್ಲಿ ಚಿಕ್ಕಿಯ ಮಾತು

ಕಳೆದ ತಿಂಗಳು ಕುಮಟೆಯ ರದ್ದಿ ಅಂಗಡಿಯೊಂದರ ಮುಂದೆ ಪೇರಿಸಿಟ್ಟ ಪುಸ್ತಕಗಳ ನಡುವೆ ಆ ಮುಖಪುಟ ಕಣ್ಣಿಗೆ ಬಿತ್ತು. ಹಡಗಿನ ಮುಂತುದಿಯಲ್ಲಿ ನಿಂತ ಹೆಂಗಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಗಾಳಿಗೆ ಬಿಚ್ಚಿಕೊಂಡ ಕೂದಲು. ಕೈಗೆತ್ತಿಕೊಂಡರೆ ಮಳೆಗಾಲದ ಮುಗ್ಗಲು ವಾಸನೆ...

"ಒಳ್ಳೇ ಕಾದಂಬರಿ, ತಕಳಿ" ಎಂದ ಅಂಗಡಿಯವನು.

ಒಳ್ಳೆಯದೇ. ಅದು ವಾರಪತ್ರಿಕೆಯಲ್ಲಿ ಬರುತ್ತಿದ್ದಾಗ ಒಂದು ಕಂತನ್ನೂ ಬಿಡದೆ ಓದಿದವಳು ನಾನು. ಓದಿದ್ದು ಮಾತ್ರ ಪೊಲೀಸರು ಮನೆ ಶೋಧಿಸುವ ಹಾಗೆ, ಪ್ರತಿ ಸಾಲನ್ನೂ ಅನುಮಾನಿಸುತ್ತ.

ಬರೆದವರು ಇದೇ ಕುಮಟೆಯಲ್ಲಿ ನಮ್ಮ ಬದಿಮನೆಯ ಮಾಸ್ತರರು. ಹಗಲು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು, ಸಂಜೆ ಹಳೆಯ ಕಾಲದ ಪ್ರೇಮಕಥೆ ಬರೆಯುತ್ತಿದ್ದರು. ಅವರ ಹೆಂಡತಿಯನ್ನು ನಾನು ಚಿಕ್ಕಿ ಎನ್ನುತ್ತಿದ್ದೆ. ನೆಂಟಸ್ತಿಕೆ ಏನಿಲ್ಲ. ಆಯಿಗಿಂತ, ಎಂದರೆ ಅಮ್ಮನಿಗಿಂತ, ಚಿಕ್ಕವರಾದರೆ ನಮ್ಮಲ್ಲಿ ಎಲ್ಲರೂ ಚಿಕ್ಕಿಯರೇ.

ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಕಾದಂಬರಿಯ ನಾಯಕಿ ಹೊನ್ನಾವರದಲ್ಲಿ ಹಡಗು ಕಟ್ಟುವವನ ಮಗಳು. ಗಂಡನ ಮಾತು ಮೀರಿ, ಕಾಳುಮೆಣಸು ತುಂಬಿಕೊಂಡು ತಾನೇ ಮಸ್ಕತ್ತಿಗೆ ಹೊರಡುವವಳು. ಚಿಕ್ಕಿಯಾದರೋ ಪೇಟೆಗೆ ಹೋಗಬೇಕೆಂದರೆ ಮಾಸ್ತರರು ಶಾಲೆಯಿಂದ ಬರುವ ತನಕ ಕಾಯಬೇಕು. ಇಂಥ ಮನುಷ್ಯ ಅಂಥ ಹೆಂಗಸನ್ನು ಬರೆದದ್ದು ಹೇಗೆ? ಒದ್ದೆಯಾದ ಸೀರೆಯ ನೆರಿಗೆ ಮೊಣಕಾಲಿಗೆ ಸುತ್ತಿಕೊಂಡು ಹೆಜ್ಜೆ ತಡೆಯುವುದು, ಮುಡಿದ ಸುರಗಿ ದಂಡೆ ಬೆವರಿಗೆ ಕುತ್ತಿಗೆಯಲ್ಲಿ ತುರಿಸುವುದು... ಗಂಡಸಿಗೆ ಇದೆಲ್ಲ ಯಾರು ಹೇಳಿದರು?

ನನಗೆ ಉತ್ತರ ಸಿಕ್ಕಿಬಿಟ್ಟಿತ್ತು. ಬರೆಯುವವಳು ಚಿಕ್ಕಿ, ಹೆಸರು ಮಾತ್ರ ಮಾಸ್ತರರದು! ಅದಕ್ಕೆ ಪುರಾವೆಯೂ ಇತ್ತು. ಸಂಜೆ ನಮ್ಮ ಬಾವಿಕಟ್ಟೆಯಲ್ಲಿ ನಿಂತರೆ ಅವರ ಕಿಟಕಿಯಿಂದ ಚಿಕ್ಕಿಯ ದನಿ ಕೇಳುತ್ತಿತ್ತು. ಅವಳು ಏನೋ ಹೇಳುತ್ತಿದ್ದಳು, ಅವರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ನಾನು ನೋಡಿದ್ದು ಕಂಡು ಮಾಸ್ತರರು ಕಿಟಕಿ ಹಾಕಿದರು. ಮರುದಿನ ಗೇಟಿನಲ್ಲಿ ತಡೆದು, "ಚಿಕ್ಕಿ ಹತ್ರ ಎಂತ ಅಷ್ಟು ಮಾತು ನಿಂದು?" ಎಂದು ಕೇಳಿದರು. ನನ್ನ ಅನುಮಾನ ಗಟ್ಟಿಯಾಯಿತು.

ಅದೇ ಮಳೆಗಾಲದಲ್ಲಿ ಚಿಕ್ಕಿಗೆ ಭಟ್ಕಳದ ಶಾಲೆಯೊಂದರಲ್ಲಿ ಹಿಂದಿ ಕಲಿಸುವ ಕೆಲಸ ಸಿಕ್ಕಿತು. ಮನೆಯಲ್ಲೇ ಕೂತು ಒಂದೊಂದೇ ಹಿಂದಿ ಪರೀಕ್ಷೆ ಪಾಸು ಮಾಡಿಕೊಂಡವಳು ಅವಳು. ಮಾಸ್ತರರು ಬೇಡ ಎಂದರಂತೆ. ಭಟ್ಕಳ ದೂರ, ಬಸ್ಸಿನಲ್ಲಿ ರಶ್ಶು, ಜನ ಎಂತ ಹೇಳ್ತಾರೆ... ಆಯಿ ಪಿಸುದನಿಯಲ್ಲಿ ಇದನ್ನೆಲ್ಲ ಹೇಳಿ, "ಪಾಪ, ಅವಳು ಬಾಯೇ ಬಿಡಲಿಲ್ವಂತೆ" ಎಂದಳು.

ಕೆಲವು ವಾರ ಕಳೆದು ಬಂದ ಕಂತಿನಲ್ಲಿ ಹಡಗಿನವಳು ಹೊರಟು ನಿಂತಿದ್ದಳು. ಬಾಗಿಲಿಗೆ ಅಡ್ಡ ನಿಂತ ಗಂಡನಿಗೆ ಹೇಳಿದಳು: "ಕಳಿಸಿಕೊಡಿ ಎಂದು ಕೇಳುತ್ತಿಲ್ಲ. ಬಾಗಿಲು ಬಿಟ್ಟು ನಿಲ್ಲಿ, ಅಷ್ಟೇ ಸಾಕು." ಗಂಡ ಸರಿದು ನಿಂತ. ಓದಿದ್ದೇ ತಡ, ನಾನು ಪತ್ರಿಕೆ ಹಿಡಿದುಕೊಂಡೇ ಬದಿಮನೆಗೆ ಓಡಿದೆ. ಚಿಕ್ಕಿ ಒಬ್ಬಳೇ ಇದ್ದಳು, ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬಸಳೆ ಸೋಸುತ್ತಿದ್ದಳು.

"ಚಿಕ್ಕೀ, ಸುಳ್ಳು ಹೇಳ್ಬೇಡ. ಇದು ನೀನೇ ಬರ್ದದ್ದು ಹೌದಾ ಅಲ್ವಾ?"

ಅವಳು ಪತ್ರಿಕೆಯ ಕಡೆ ನೋಡಲಿಲ್ಲ. ಮೊದಲೇ ಓದಿದ್ದಳು.

"ನಾನಲ್ವೇ. ಅವ್ರೇ ಬರ್ದದ್ದು. ಸೀರೆ ಒದ್ದೆ ಆದ್ರೆ ಹ್ಯಾಂಗಾಗ್ತದೆ, ಹೂ ಮುಡಿದ್ರೆ ಹ್ಯಾಂಗಾಗ್ತದೆ, ಹೀಂಗೆ ಎಂತಾದ್ರೂ ಕೇಳ್ತಾರೆ. ನಾ ಹೇಳ್ತೆ. ಅಷ್ಟೇಯ."

"ಮತ್ತೆ ಬಾಗಿಲ ಮಾತು?"

ಚಿಕ್ಕಿ ಒಂದು ಬಸಳೆ ದಂಟು ಮುರಿದಳು.

"ಅದು ನಾ ಹೇಳಿದ್ದು. ಕಥೆಗೆ ಅಂತ ಅಲ್ಲ, ಅವ್ರಿಗೇ ಹೇಳಿದ್ದು. ಕೆಲ್ಸ ಬೇಡ ಅಂದ ದಿನ, ಈ ಅಡುಗೆಮನೆ ಬಾಗ್ಲಲ್ಲೇ. ಅವ್ರು ಎಂತದೂ ಮಾತಾಡ್ದೆ ಹೊರಗೆ ಹೋದ್ರು. ಕೇಳಿಸ್ಲಿಲ್ವೇನ ಅಂದ್ಕಂಡಿದ್ದೆ." ಅವಳು ತಲೆ ಎತ್ತಿದಳು. "ಕೇಳಿತ್ತು ನೋಡು. ಒಂದಕ್ಷರ ಬಿಡದೆ ಕೇಳಿತ್ತು."

ಗಂಡ ತನ್ನ ಮಾತು ಕದ್ದದ್ದಕ್ಕೆ ಅವಳಿಗೆ ಸಿಟ್ಟು ಬಂದಿರಬೇಕು ಎಂದುಕೊಂಡೆ. ಸಿಟ್ಟಿದ್ದದ್ದು ಅದಕ್ಕಲ್ಲ.

"ಇಷ್ಟು ವರ್ಷ, ಹೆಂಗಸ್ರ ಮನ್ಸು ಅವ್ರಿಗೆ ತಿಳೀದು ಅಂತ ಸುಮ್ನಿದ್ದೆ" ಎಂದಳು. "ಎಲ್ಲ ಗೊತ್ತುಂಟಲೆ ಅವ್ರಿಗೆ!"

ಭಟ್ಕಳದ ಆ ಕೆಲಸ ಇನ್ನೂ ಖಾಲಿ ಇತ್ತಂತೆ. ಸೋಮವಾರ ಬೆಳಿಗ್ಗೆ ಚಿಕ್ಕಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೊಡೆ ಹಿಡಿದು ಹೊರಟಳು. ನಾನೂ ಆಯಿಯೂ ಜಗಲಿಯಲ್ಲಿ ನಿಂತಿದ್ದೆವು. ಮಾಸ್ತರರು ಬಾಗಿಲಲ್ಲೇ ಇದ್ದರು. ಅವಳು ಅವರ ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿದಳು, ಮುಖ ನೋಡಿದಳು. ಅವರು ಸರಿದರು. ಭಟ್ಕಳದ ಬಸ್ಸು ಅವಳು ಕೈ ತೋರಿಸಿದಲ್ಲೇ ನಿಂತಿತು.

ನಾಲ್ಕು ದಿನ ಊರೆಲ್ಲ ಅದೇ ಮಾತು. ಭಟ್ಕಳದಲ್ಲಿ ಯಾರಿದ್ದಾರೆ, ಸಂಜೆ ಬಸ್ಸು ಯಾಕೆ ತಡ, ಇವಳ ತಲೆ ಕೆಡಿಸಿದವರು ಯಾರು ಎಂದು. ಕೊನೆಯ ಪ್ರಶ್ನೆಗೆ ಆಯಿ ನನ್ನ ಮೇಲೂ ಒಂದು ಕಣ್ಣಿಟ್ಟಳು. ಅಷ್ಟರಲ್ಲಿ ಕಾದಂಬರಿ ಮುಗಿಯಿತು. ಕೊನೆಯ ಕಂತಿನಲ್ಲಿ ಹಡಗಿನವಳು ಗಳಿಸಿದ್ದನ್ನೆಲ್ಲ ಕಳೆದುಕೊಂಡು ಹಿಂತಿರುಗಿ ಗಂಡನ ಕಾಲಿಗೆ ಬೀಳುತ್ತಾಳೆ. ನಾನು ಸಿಟ್ಟಿನಿಂದ ಅದನ್ನು ಒಯ್ದು ತೋರಿಸಿದಾಗ ಚಿಕ್ಕಿ ನಕ್ಕುಬಿಟ್ಟಳು.

"ಇದೊಂದು ನನ್ನ ಕೇಳ್ದೆ ಬರ್ದದ್ದು."

ಅವಳು ನಿವೃತ್ತಿಯವರೆಗೂ ಅಲ್ಲೇ ಕಲಿಸಿದಳು. ಮುಂದೆ ಭಟ್ಕಳದಲ್ಲೇ ಮನೆ ಹಿಡಿದು, ಶನಿವಾರಕ್ಕೊಮ್ಮೆ ಕುಮಟೆಗೆ ಬರುತ್ತಿದ್ದಳು. ಮಾಸ್ತರರು ಆಮೇಲೆ ಬರೆದ ಕಾದಂಬರಿಗಳನ್ನು ಯಾರೂ ಅಷ್ಟು ಹಚ್ಚಿಕೊಳ್ಳಲಿಲ್ಲ. ಯಾಕೆಂದು ನನಗೊಂದು ಅನುಮಾನವಿದೆ... ಇರಲಿ. ಅವರು ಮೊದಲು ತೀರಿಹೋದರು.

ಚಿಕ್ಕಿ ಹೋದದ್ದು ಈ ವರ್ಷ. ಸುದ್ದಿಯನ್ನು ನಾನು ಪತ್ರಿಕೆಯ ಮೂಲೆಯಲ್ಲಿ ಓದಿದೆ. "ಕಾದಂಬರಿಕಾರರ ಪತ್ನಿ ನಿಧನ" ಎಂದಿತ್ತು. ಭಟ್ಕಳಕ್ಕೆ ಹೋದಾಗ ಅವಳ ಮನೆಯ ಅಂಗಳದಲ್ಲಿ ಹೆಂಗಸರು ತುಂಬಿದ್ದರು, ಎಲ್ಲರೂ ಅವಳ ಹತ್ತಿರ ಕಲಿತವರು. ಬುರ್ಖಾ ತೊಟ್ಟ ಒಬ್ಬಾಕೆ ನನ್ನ ಪಕ್ಕ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಈಗ ಅವಳೂ ಟೀಚರಂತೆ. ಏನಾದರೂ ಮಾತಾಡಬೇಕಲ್ಲ ಎಂದು, ಇವರ ಗಂಡನ ಕಾದಂಬರಿ ಓದಿದ್ದೀರಾ ಎಂದು ಕೇಳಿದೆ.

ಅವಳಿಗೆ ಆಶ್ಚರ್ಯವಾಯಿತು. "ಟೀಚರ್ ಗಂಡ ಬರೀತಿದ್ರಾ?" ಎಂದಳು. "ನಮ್ಗೆ ಗೊತ್ತೇ ಇಲ್ಲ. ಟೀಚರ್ ಒಂದಿನಾನೂ ಹೇಳ್ಲಿಲ್ಲ."

ಇದನ್ನು ಚಿಕ್ಕಿಗೆ ಹೇಳಬೇಕಿತ್ತು. ಹೇಳಿದ್ದರೆ ಎಷ್ಟು ನಗುತ್ತಿದ್ದಳೋ.